ಚೆಲುವರಾಜುವಿನ ಗೋಡೆ ನುಡಿದದ್ದು

ನಂಜನಗೂಡಿನ ವಿದ್ಯುತ್ ಕಚೇರಿಯ ಬಿಲ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತೆದ್ದ ಚೆಲುವರಾಜುವಿಗೆ ವಿದ್ಯುತ್ತಿನ ವಿಚಾರದಲ್ಲಿ ಗೊತ್ತಿದ್ದದ್ದು ಎರಡೇ ಸಂಗತಿ. ಒಂದು, ಮುಟ್ಟಿದರೆ ಹೊಡೆಯುತ್ತದೆ. ಇನ್ನೊಂದು, ಬಿಲ್ ಕಟ್ಟದಿದ್ದರೆ ಕಿತ್ತುಕೊಂಡು ಹೋಗುತ್ತಾರೆ. ಆದರೂ ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ ಅವನಿಗೇ ಕರೆ ಬರುತ್ತಿತ್ತು. ಅವನು ಹೋಗಿ ಮಿಕ್ಸಿಯನ್ನು ಎರಡೂ ಕೈಯಲ್ಲೆತ್ತಿ, ತಿರುಗಿಸಿ, ಮೂಸಿ, ‘ಕಾಯಿಲ್ ಹೋಗಿದೆ’ ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಬರುತ್ತಿದ್ದ. ಕಾಯಿಲ್ ಎಂದರೇನೆಂದು ಅವನೂ ನೋಡಿದವನಲ್ಲ, ಅವರೂ ಕೇಳಿದವರಲ್ಲ.

ಇಂಥ ಗೌರವಸ್ಥನಿಗೆ ಪಕ್ಕದ ಮನೆಯ ಮಲ್ಲಿಕಾರ್ಜುನ್ ಒಂದು ಭಾನುವಾರ ಕರೆ ಕಳಿಸಿದರು. ನಿವೃತ್ತ ಡ್ರಿಲ್ ಮೇಷ್ಟರು. ಅವರ ಹಾಲಿನಲ್ಲಿ ಟಿವಿಯ ಆಚೆಗೊಂದು ಈಚೆಗೊಂದು ಆಳೆತ್ತರದ ಸ್ಪೀಕರುಗಳು ದ್ವಾರಪಾಲಕರಂತೆ ನಿಂತಿದ್ದವು. ಮೇಷ್ಟರು ಗುಂಡಿ ಒತ್ತಿದರು. ಚೆಲುವರಾಜುವಿನ ಕೈಯಲ್ಲಿದ್ದ ಕಾಫಿ ಲೋಟ ಗಡಗಡ ನಡುಗಿತು, ಅಟ್ಟದ ಮೇಲಿದ್ದ ಬೆಕ್ಕು ಕೆಳಗೆ ಬಿದ್ದು ಓಡಿಹೋಯಿತು.

‘ಹೆಂಗೈತೆ ಚೆಲುವರಾಜು?’ ಎಂದರು ಮೇಷ್ಟರು.

ಚೆನ್ನಾಗಿದೆ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೇಷ್ಟರ ಹೆಂಡತಿ ರುದ್ರಾಣಿ ಅಡಿಯಿಂದ ಮುಡಿಯವರೆಗೆ ಹೆಮ್ಮೆ ತುಂಬಿಕೊಂಡು ನಿಂತಿದ್ದರು. ಅದನ್ನು ನೋಡಿ ಚೆಲುವರಾಜುವಿನ ಬಾಯಿ ಅವನ ಅಪ್ಪಣೆ ಕೇಳದೆ ತೆರೆದುಕೊಂಡಿತು.

‘ಪರವಾಗಿಲ್ಲ ಸಾರ್. ಆದ್ರೆ ಈಗೀಗ ಸ್ಪೀಕರನ್ನ ಹಿಂಗೆ ಕಣ್ಣಿಗೆ ಕಾಣೋ ಹಂಗೆ ಯಾರೂ ಇಡಲ್ಲ. ನಾವು ಗೋಡೆ ಒಳಗೇ ಹಾಕಿಸ್ತಾ ಇದೀವಿ. ಹಾಡು ಬರ್ತದೆ, ಎಲ್ಲಿಂದ ಬರ್ತದೆ ಅಂತ ದೇವರಿಗೂ ಗೊತ್ತಾಗಲ್ಲ.’

ಹಿಂದಿನ ರಾತ್ರಿ ಫೋನಿನಲ್ಲಿ ಹನ್ನೆರಡು ಸೆಕೆಂಡಿನ ಒಂದು ವಿಡಿಯೋ ನೋಡಿದ್ದು ಬಿಟ್ಟರೆ ಅವನಿಗೆ ಈ ವಿಷಯ ಏನೇನೂ ಗೊತ್ತಿರಲಿಲ್ಲ. ರುದ್ರಾಣಿ ಮಾತ್ರ ಸಂಜೆಯ ಹೊತ್ತಿಗೆ ಬೀದಿಯ ಹನ್ನೊಂದು ಮನೆಗೆ ಸುದ್ದಿ ಮುಟ್ಟಿಸಿದ್ದರು. ಇನ್ನು ಹಾಕಿಸದೆ ಗತಿಯಿರಲಿಲ್ಲ.

ನಂಜನಗೂಡಿನಲ್ಲಿ ವಿಚಾರಿಸಿದರೆ ತನಗೆ ಗೊತ್ತಿಲ್ಲವೆಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ಅವನು ಒಂದು ಶನಿವಾರ ಟಿ. ನರಸೀಪುರದ ಬಸ್ಸು ಹತ್ತಿದ. ಅಲ್ಲಿ ಬಸ್ ನಿಲ್ದಾಣದ ಹಿಂದೆ ರವಿಕುಮಾರ್ ಎಂಬುವನ ಅಂಗಡಿಯಿತ್ತು. ಇನ್ವರ್ಟರು, ಸಿಸಿ ಕ್ಯಾಮೆರಾ, ಸ್ಪೀಕರು ಎಲ್ಲ ಸಿಗುತ್ತಿತ್ತು. ಯಾರಾದರೂ ಗುರುತು ಹಿಡಿದಾರೆಂದು ಚೆಲುವರಾಜು ಕರ್ಚೀಫಿನಿಂದ ಮೂಗು ಬಾಯಿ ಮುಚ್ಚಿಕೊಂಡು ಒಳಗೆ ಹೋದ. ಹೆಂಡತಿ ಹೇಮಲತಾಳಿಗೆ ‘ಆಫೀಸಿನ ತಪಾಸಣೆ’ ಎಂದು ಹೇಳಿದ್ದ.

‘ಆರೂವರೆ ಇಂಚೋ, ಎಂಟಿಂಚೋ ಸಾ?’ ಎಂದ ರವಿಕುಮಾರ್.

ಚೆಲುವರಾಜು ತಬ್ಬಿಬ್ಬಾದ. ‘ಯೋಚನೆ ಮಾಡಿ ಹೇಳ್ತೀನಿ’ ಎಂದು ವಾಪಸು ಬಂದ.

ಎರಡನೇ ಶನಿವಾರ ಎಂಟಿಂಚು ಎಂದ. ‘ಗೋಡೆ ಎಷ್ಟು ದಪ್ಪ ಸಾ?’ ಎಂದು ಪ್ರಶ್ನೆ ಬಂತು. ಮೂರನೇ ಶನಿವಾರ ಗೋಡೆ ಒಂಬತ್ತಿಂಚು ಎಂದ. ‘ದುಂಡಗಿರೋದೋ ಚೌಕದ್ದೋ?’ ಎಂದ ರವಿಕುಮಾರ್. ನಾಲ್ಕನೇ ಶನಿವಾರ ಚೌಕ ಎಂದಾಗ, ‘ಸ್ಪೀಕರು ಕಿವಿ ಎತ್ತರಕ್ಕೆ ಇರ್ಬೇಕು ಸಾ. ನಿಮ್ ಮನೆಯವರ ಕಿವಿ ಎಷ್ಟೆತ್ತರಕ್ಕದೆ?’ ಎಂದ. ಆ ವಾರವೆಲ್ಲ ಚೆಲುವರಾಜು ಟೇಪು ಹಿಡಿದುಕೊಂಡು ಮನೆಯಲ್ಲಿ ಕೂತವರ ಕಿವಿ ಅಳೆದ. ಅವನ ತಾಯಿ ಕೆಂಪಾಜಮ್ಮ ಸೋಫಾ ಮುಟ್ಟದೆ ಸದಾ ಚಾಪೆಯ ಮೇಲೆ ಕೂರುವವಳು. ಅವಳ ಕಿವಿ ಎರಡಡಿ ಎರಡಿಂಚಿನಲ್ಲಿ ಸಿಕ್ಕಿತು.

‘ಯಾಕ್ಲಾ ನನ್ ಕಿವಿ ಅಳೀತಿದ್ದೀಯಾ?’

‘ಓಲೆ ಮಾಡಿಸಾನ ಅಂತ ಕಣವ್ವ.’

‘ಓಲೆಗೆ ನೆಲದಿಂದ ಯಾಕ್ಲಾ ಅಳೀತಾರೆ?’ ಎಂದು ಕೆಂಪಾಜಮ್ಮ ಬೆರಗಾದಳು. ಆದರೂ ಓಲೆಯ ಆಸೆಗೆ ಕತ್ತು ನೆಟ್ಟಗೆ ಮಾಡಿ ಕೂತಳು.

ಹೀಗೆ ಆರು ಶನಿವಾರ ಕಳೆದ ಮೇಲೆ ಆಯ್ಕೆ ಮುಗಿಯಿತು: ಚೌಕದ್ದು, ಎಂಟಿಂಚಿನದು, ಎರಡು. ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆಗೆ ಹಾಕುವುದೆಂದು ತೀರ್ಮಾನವಾಯಿತು, ಏಕೆಂದರೆ ಉಳಿದ ಗೋಡೆಗಳಲ್ಲಿ ಒಂದರ ಮೇಲೆ ದೇವರ ಪಟಗಳಿದ್ದವು, ಇನ್ನೊಂದರ ತುಂಬ ಕಿಟಕಿ, ಮತ್ತೊಂದರ ಆಚೆಗೆ ಮೇಷ್ಟರು. ಒಂದೇ ತೊಡಕು ಕೆಂಪಾಜಮ್ಮ. ಆ ಮನೆ ಅವಳ ಗಂಡ ನಿಂತು ಕಟ್ಟಿಸಿದ್ದು. ಅದರ ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆದರೂ ಅವಳು ಒಂದು ಹೊತ್ತು ಊಟ ಬಿಡುತ್ತಿದ್ದಳು. ಚೆಲುವರಾಜು ತಾಯಿಯನ್ನು ಬದನವಾಳಿನಲ್ಲಿದ್ದ ತನ್ನ ತಂಗಿಯ ಮನೆಗೆ ಒಂದು ತಿಂಗಳ ಮಟ್ಟಿಗೆ ಕಳಿಸಿ, ಬಸ್ಸು ಕಣ್ಮರೆಯಾದ ತಕ್ಷಣ ರವಿಕುಮಾರನಿಗೆ ಫೋನ್ ಮಾಡಿದ. ಗೋಡೆ ಒಡೆದು, ಪೆಟ್ಟಿಗೆ ಕೂರಿಸಿ, ವೈರನ್ನು ಅಡುಗೆಮನೆಯ ಒಲೆಯ ಹಿಂದಿನಿಂದ ಅಟ್ಟದ ಮೇಲಿಟ್ಟ ಆಂಪ್ಲಿಫೈಯರಿಗೆ ಎಳೆದರು. ‘ಒಳ್ಳೇ ವೈರ್ ಹಾಕಾನ ಸಾ’ ಎಂದು ರವಿಕುಮಾರ್ ಹೇಳಿದ. ‘ನಾನು ಕರೆಂಟ್ ಆಫೀಸಿನವನು, ನನಗೆ ವೈರ್ ಪಾಠ ಹೇಳ್ಬೇಡ. ಮನೇಲಿರೋ ಹಳೇ ವೈರೇ ಸಾಕು’ ಎಂದ ಚೆಲುವರಾಜು.

ಆಮೇಲೆ ಬಣ್ಣದವನು ಬಂದ. ಸ್ಪೀಕರಿನ ಜಾಲರಿ ಯಾರ ಕಣ್ಣಿಗೂ ಬೀಳಬಾರದೆಂದು ಚೆಲುವರಾಜು ಅದರ ಮೇಲೆ ಗೋಡೆಯ ಬಣ್ಣವನ್ನೇ ಹೊಡೆಸಿದ. ಇನ್ನೂ ಕಾಣುತ್ತಿದೆ ಎನಿಸಿತು, ಎರಡನೇ ಕೋಟು ಹೊಡೆಸಿದ. ಮೂರನೆಯದಕ್ಕೆ ಜಾಲರಿಯ ತೂತುಗಳೆಲ್ಲ ಮುಚ್ಚಿಹೋದವು. ಮೇಷ್ಟರನ್ನು ಕರೆಯುವ ಮೊದಲು ಒಂದು ಸಲ ಹಾಡು ಹಾಕಿ ನೋಡಿದರೆ, ಯಾರೋ ನಾಲ್ಕು ಕಂಬಳಿ ಹೊದ್ದು ಮಲಗಿ ನರಳಿದಂತೆ ಕೇಳಿಸಿತು. ಮೇಷ್ಟರು ಕೇಳಿದಾಗಲೆಲ್ಲ ‘ಇನ್ನೂ ಸೆಟ್ಟಿಂಗ್ ನಡೀತಾ ಇದೆ ಸಾರ್’ ಎನ್ನುತ್ತ ದಿನ ನೂಕಿದ. ಅಟ್ಟದ ಮೇಲಿನ ಆಂಪ್ಲಿಫೈಯರನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ತಿಂಗಳು ಕಳೆದು ಕೆಂಪಾಜಮ್ಮ ವಾಪಸು ಬಂದಳು. ಬಂದ ಮರುದಿನ ಬೆಳಿಗ್ಗೆ ಗೋಡೆಗೆ ಒರಗಿ ಕೂತು, ಮೊಮ್ಮಗಳನ್ನು ನೆನೆದು, ‘ಈ ವರ್ಷ ನಮ್ ಪವಿತ್ರಂಗೆ ಮದ್ವೆ ಆಯ್ತದೆ’ ಎಂದಳು. ಗೋಡೆ ‘ಲೊಚ ಲೊಚ’ ಎಂದಿತು.

ನಮ್ಮ ಕಡೆ ಯಾರಾದರೂ ಒಂದು ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವೆಂದೇ ಲೆಕ್ಕ. ‘ಕೃಷ್ಣ ಕೃಷ್ಣ’ ಎನ್ನುತ್ತ ಬೆರಳಿನಿಂದ ನೆಲ ತಟ್ಟಿ ಅದನ್ನು ಒಪ್ಪಿಕೊಳ್ಳುತ್ತೇವೆ. ಕೆಂಪಾಜಮ್ಮ ಈ ಶಾಸ್ತ್ರದಲ್ಲಿ ಪಂಚಾಂಗಕ್ಕೂ ತಿದ್ದುಪಡಿ ಹೇಳಬಲ್ಲವಳು. ನೆಲ ತಟ್ಟಿದಳು. ಮಧ್ಯಾಹ್ನ ‘ಇವತ್ತು ರುದ್ರಾಣಿ ಸಕ್ಕರೆ ಕೇಳ್ಕೊಂಡು ಬತ್ತಾಳೆ’ ಎಂದಾಗಲೂ ಗೋಡೆ ನುಡಿಯಿತು, ರುದ್ರಾಣಿ ಲೋಟ ಹಿಡಿದು ಬಂದೇ ಬಂದರು. ಕೆಂಪಾಜಮ್ಮ ಬಾಯಿ ಬಿಟ್ಟು ಕೂತಳು. ಎಷ್ಟು ಹುಡುಕಿದರೂ ಹಲ್ಲಿ ಕಾಣಲಿಲ್ಲ. ಕಣ್ಣಿಗೆ ಕಾಣದೆ ಸತ್ಯ ನುಡಿಯುವುದನ್ನು ಹಲ್ಲಿ ಎಂದು ಕರೆಯಲು ಅವಳಿಗೆ ಮನಸ್ಸು ಬರಲಿಲ್ಲ. ‘ಗೋಡೆಯಮ್ಮ’ ಎಂದು ಹೆಸರಿಟ್ಟಳು.

ಒಂದೇ ವಾರದಲ್ಲಿ ರುದ್ರಾಣಿಯ ಕಳೆದ ಮೂಗುಬೊಟ್ಟು ಹಿತ್ತಲಲ್ಲಿದೆಯೆಂದು ಗೋಡೆಯಮ್ಮ ನುಡಿದಳು, ಅಲ್ಲೇ ಸಿಕ್ಕಿತು. ಎರಡು ಬೀದಿಯಾಚೆಯ ಹೆಂಗಸರು ವೀಳ್ಯದೆಲೆ ಹಿಡಿದು ಬರತೊಡಗಿದರು. ಗೋಡೆಗೆ ಅರಿಶಿನ ಕುಂಕುಮ ಬಿತ್ತು. ಹೇಮಲತಾ ಬಂದವರಿಗೆ ಕಾಫಿ ಕಾಸಿ ಕಾಸಿ ಸುಸ್ತಾದಳು. ಕಾಫಿ ಹೆಚ್ಚಾದಷ್ಟೂ ಗೋಡೆಯಮ್ಮ ಹೆಚ್ಚು ನುಡಿಯುತ್ತಿದ್ದಳು, ಗೋಡೆಯಮ್ಮ ಹೆಚ್ಚು ನುಡಿದಷ್ಟೂ ಜನ ಹೆಚ್ಚಾಗುತ್ತಿದ್ದರು. ಚೆಲುವರಾಜುವೂ ಅದು ನಿಜವಾದ ಹಲ್ಲಿಯೆಂದೇ ತಿಳಿದಿದ್ದ.

ಈ ಖ್ಯಾತಿ ಹೊಳೆ ದಾಟಿ ಟಿ. ನರಸೀಪುರಕ್ಕೆ ಹೋದದ್ದು ಚೆಲುವರಾಜುವಿನ ಭಾಗ್ಯವೋ ಗ್ರಹಚಾರವೋ ತಿಳಿಯದು. ಅವನ ಮಗಳು ಪವಿತ್ರಾ ನರಸೀಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ದಿನಾ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದ, ನರಸೀಪುರದವನೇ ಆದ, ಕೃಷಿ ಇಲಾಖೆಯ ಕುಮಾರನಿಗೂ ಅವಳಿಗೂ ಮನಸ್ಸು ಕೂಡಿತ್ತು. ಜಾತಿ, ಜಾತಕ ಎಲ್ಲ ಸರಿಯಿತ್ತು. ಕುಮಾರನ ತಾಯಿ ರಾಣಿಯೂ ಒಪ್ಪಿದ್ದಳು. ಉಳಿದಿದ್ದವನು ಅವನ ತಾತ ದೊಡ್ಡಮಾದಯ್ಯ. ಎಂಬತ್ತೆರಡು ವರ್ಷದ ಈ ಮುದುಕ ಆಗಲೇ ಮೂರು ಸಂಬಂಧಗಳನ್ನು, ‘ಮಾತು ಯಾರ್ ಬೇಕಾದ್ರೂ ಆಡ್ತಾರೆ’ ಎಂಬ ಒಂದೇ ಕಾರಣಕ್ಕೆ ಮುರಿದಿದ್ದ. ಈಗ ರಾಣಿ ಫೋನಿನಲ್ಲಿ ಹೇಳಿದಳು.

‘ನಮ್ಮ ಮಾವ ಒಪ್ಪವ್ರೆ ಕಣ್ರೀ, ಆದ್ರೆ ಒಂದು ಷರತ್ತು. ಮಾತುಕತೆ ನಿಮ್ಮ ಗೋಡೆಯಮ್ಮನ ಮುಂದೇನೆ ಆಗ್ಬೇಕಂತೆ. ಆಯಮ್ಮ ನುಡೀಬೇಕು, ನಾನು ನೆಲ ತಟ್ಟಬೇಕು, ನಾ ತಟ್ಟಿದ್ರೆ ಅದೇ ನನ್ ರುಜು, ಆಮೇಲೆ ಬ್ರಹ್ಮ ಬಂದ್ರೂ ಬದಲಾಗಕ್ಕಿಲ್ಲ ಅಂದವ್ರೆ. ಆಯಮ್ಮ ಸುಮ್ಕಿದ್ರೆ ಎದ್ದು ಬತ್ತಾರಂತೆ.’

ಪವಿತ್ರಾ ಆ ರಾತ್ರಿ ಊಟ ಮಾಡಲಿಲ್ಲ. ‘ಅಪ್ಪ, ನನ್ನ ಬದುಕು ಒಂದು ಹಲ್ಲಿ ಕೈಲಿ ಇದೆ’ ಎಂದು ಅತ್ತಳು.

ಗಂಡಿನ ಕಡೆಯವರು ಬರುವ ದಿನ ಬೆಳಿಗ್ಗೆ, ಆ ಸ್ಪೀಕರನ್ನಾದರೂ ಸರಿ ಮಾಡಿಸಿ ಬೀಗರ ಮುಂದೆ ಮಾನ ಉಳಿಸಿಕೊಳ್ಳೋಣವೆಂದು ಚೆಲುವರಾಜು ರವಿಕುಮಾರನಿಗೆ ಫೋನ್ ಮಾಡಿದ. ‘ಹಾಡು ಬರಲ್ಲ, ಏನೂ ಬರಲ್ಲ, ಎಂಥ ಸ್ಪೀಕರ್ ಕೊಟ್ಟೆ ಮಾರಾಯ?’

‘ಏನೂ ಬರಕ್ಕಿಲ್ವಾ? ಲೊಚ ಲೊಚ ಅಂತ ಸವುಂಡಾದ್ರೂ ಬತ್ತದಾ ಸಾ?’

‘ಅದು ಹೆಂಗೆ ಗೊತ್ತು ನಿನಗೆ?’

‘ನಾ ಅವತ್ತೇ ಬಡ್ಕಂಡೆ ಸಾ, ಒಳ್ಳೇ ವೈರ್ ಹಾಕಾನ ಅಂತ. ಒಲೆ ಹಿಂದ್ಲಿಂದ ವೈರ್ ಓಗದೆ. ಗ್ಯಾಸ್ ಲೈಟರ್ ಒತ್ತಿ ಕಿಡಿ ಎದ್ದಾಗೆಲ್ಲ ಅದ್ನ ಆ ವೈರು ಇಡ್ಕತದೆ, ಸ್ಪೀಕರ್ ಲೊಚಕ್ ಅಂತದೆ. ಬನ್ನೂರಲ್ಲಿ ಒಬ್ರ ಮನೇಲೂ ಇಂಗೇ ಆಗಿತ್ತು.’

ಚೆಲುವರಾಜು ಅಡುಗೆಮನೆಗೆ ಓಡಿ ಲೈಟರ್ ಕೈಗೆತ್ತಿಕೊಂಡು ಒತ್ತಿದ. ಹಾಲಿನಿಂದ ತಾಯಿ ‘ಕೃಷ್ಣ ಕೃಷ್ಣ’ ಎಂದದ್ದು ಕೇಳಿಸಿತು. ಮತ್ತೆ ಒತ್ತಿದ, ಮತ್ತೆ ‘ಕೃಷ್ಣ ಕೃಷ್ಣ’. ನಂಬಲಾಗದೆ ಹನ್ನೊಂದು ಸಲ ಒತ್ತಿದ. ಹನ್ನೊಂದು ಸಲ ನೆಲ ತಟ್ಟಿದ ಕೆಂಪಾಜಮ್ಮ ಬೆರಳು ಊದಿಕೊಳ್ಳುತ್ತ, ‘ಇವತ್ತು ಆಯಮ್ಮಂಗೆ ಏನಾಗದೆ?’ ಎಂದು ಗಾಬರಿಯಾದಳು. ಇಷ್ಟು ದಿನ ಒಲೆ ಹೊತ್ತಿಸುತ್ತಿದ್ದ ಹೇಮಲತಾಳಿಗೆ ಮಾತ್ರ ಏನೂ ತಿಳಿದಿರಲಿಲ್ಲ. ಗೋಡೆ ನುಡಿಯುವಾಗಲೆಲ್ಲ ಅವಳು ಅಡುಗೆಮನೆಯಲ್ಲೇ ಇರುತ್ತಿದ್ದಳು.

ನಿಜ ಹೇಳಿದರೆ ಗೋಡೆಯಮ್ಮ ಇಲ್ಲ, ಗೋಡೆಯಮ್ಮ ಇಲ್ಲದಿದ್ದರೆ ದೊಡ್ಡಮಾದಯ್ಯ ಇಲ್ಲ, ದೊಡ್ಡಮಾದಯ್ಯ ಇಲ್ಲದಿದ್ದರೆ ಮದುವೆ ಇಲ್ಲ. ಇನ್ನೊಬ್ಬನಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ. ಚೆಲುವರಾಜುವಿಗೆ ಮಾತ್ರ ಒಂದು ಉಪಾಯ ಹೊಳೆಯಿತು, ಅದೇ ಅನಾಹುತಕ್ಕೆ ಕಾರಣ. ಬಿಳಿ ಪಂಚೆ ಉಟ್ಟು, ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಲೈಟರ್ ಇಳಿಬಿಟ್ಟುಕೊಂಡು ಹಾಲಿಗೆ ಬಂದು ನಿಂತ.

ಹನ್ನೊಂದು ಗಂಟೆಗೆ ಕಾರು ಬಂತು. ದೊಡ್ಡಮಾದಯ್ಯ ಯಾರ ನಮಸ್ಕಾರವನ್ನೂ ಲೆಕ್ಕಿಸದೆ ನೇರ ಗೋಡೆಯ ಬಳಿ ಹೋಗಿ ಕೈಮುಗಿದು, ಕೆಂಪಾಜಮ್ಮನ ಎದುರಿಗೆ ಚಾಪೆಯ ಮೇಲೆ ಕೂತ. ರಾಣಿ, ಕುಮಾರ ಸೋಫಾದಲ್ಲಿ ಕೂತರು. ಹಿರಿಯರ ಸ್ಥಾನದಲ್ಲಿ ಮೇಷ್ಟರೂ ರುದ್ರಾಣಿಯೂ ಆಗಲೇ ಬಂದಿದ್ದರು. ಚೆಲುವರಾಜು ಗೋಡೆಗೆ ಆದಷ್ಟು ಹತ್ತಿರ ಒಂದು ಸ್ಟೂಲು ಹಾಕಿಕೊಂಡ.

‘ರೀ, ಲೈಟರ್ ನೋಡಿದ್ರಾ?’ ಎಂದು ಹೇಮಲತಾ ಒಳಗಿನಿಂದ ಕೂಗಿದಳು.

‘ಬೆಂಕಿಪೊಟ್ಣ ತಕಾ’ ಎಂದ ಚೆಲುವರಾಜು, ಹಣೆ ಒರೆಸಿಕೊಳ್ಳುತ್ತ.

ದೊಡ್ಡಮಾದಯ್ಯ ಗಂಟಲು ಸರಿಪಡಿಸಿಕೊಂಡ. ‘ನಾ ಸುತ್ತಿ ಬಳಸಿ ಮಾತಾಡೋನಲ್ಲ. ನಮ್ ಹುಡ್ಗ ಕುಡಿಯಾಕಿಲ್ಲ.’

ಚೆಲುವರಾಜು ಉದಾರ ಮನಸ್ಸಿನಿಂದ ಪಂಚೆಯ ಮೇಲೆ ಕೈಯಿಟ್ಟು ಒತ್ತಿದ. ಲೊಚ ಲೊಚ. ದೊಡ್ಡಮಾದಯ್ಯನ ಕಣ್ಣು ಅಗಲವಾಯಿತು. ‘ಕೃಷ್ಣ ಕೃಷ್ಣ!’ ಎಂದು ನೆಲ ತಟ್ಟಿದ. ಅದನ್ನು ನೋಡಿ ಎಲ್ಲರೂ ತಟ್ಟಿದರು. ಕುಮಾರ ಮಾತ್ರ ಒಂದು ಗಳಿಗೆ ತಡೆದು, ಬೆಚ್ಚಿದವನಂತೆ ಗೋಡೆ ನೋಡುತ್ತ ತಟ್ಟಿದ.

‘ನಮ್ಮ ಪವಿತ್ರಾಗೆ ಅಡುಗೆ ಚೆನ್ನಾಗಿ ಬರ್ತದೆ’ ಎಂದ ಚೆಲುವರಾಜು. ಲೊಚ ಲೊಚ. ಅಡುಗೆಮನೆಯಲ್ಲಿ ಪವಿತ್ರಾಳ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು. ಅವಳಿಗೆ ಅನ್ನ ಇಡುವುದೂ ಬಾರದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

‘ಅಬ್ಬಬ್ಬಾ, ನಾನು ಇಂಥಾದ್ದ ಕಂಡಿರ್ಲಿಲ್ಲ ಕಣವ್ವ’ ಎಂದ ದೊಡ್ಡಮಾದಯ್ಯ, ಕೆಂಪಾಜಮ್ಮನ ಕಡೆ ತಿರುಗಿ. ಕೆಂಪಾಜಮ್ಮ ಗಂಭೀರವಾಗಿ ತಲೆದೂಗಿದಳು. ಎಲ್ಲ ಸುಸೂತ್ರವಾಗಿತ್ತು. ಇನ್ನು ಕಾಫಿ ಕುಡಿದು, ‘ಈ ಮದ್ವೆ ಆಯ್ತದೆ’ ಎಂಬ ಕೊನೆಯ ಮಾತಾಡಿ, ಮುದುಕ ನೆಲ ತಟ್ಟುವುದಷ್ಟೇ ಬಾಕಿ.

ಹೇಮಲತಾ ಕಾಫಿ ತಂದಳು. ರುದ್ರಾಣಿಗೆ ಇಷ್ಟು ಹೊತ್ತು ಮಾತಾಡದೆ ಕೂತು ಅಭ್ಯಾಸವಿರಲಿಲ್ಲ. ‘ಒಬ್ಬಳೇ ಮಗಳು ನೋಡಿ, ಇವರು ಅವಳನ್ನ ಬಿಟ್ಟಿರ್ತಾರಾ? ಅಳಿಯನ್ನೇ ತಂದು ಮನೇಲಿ ಇಟ್ಕೋತಾರೆ ಬಿಡಿ’ ಎಂದು ನಕ್ಕರು. ಅದೇ ಹೊತ್ತಿಗೆ ಕಾಫಿ ಲೋಟಕ್ಕೆ ಬಾಗಿದ ಚೆಲುವರಾಜುವಿನ ತೊಡೆಗೂ ಹೊಟ್ಟೆಗೂ ನಡುವೆ ಲೈಟರ್ ಸಿಕ್ಕಿಕೊಂಡಿತು.

ಲೊಚ ಲೊಚ.

ದೊಡ್ಡಮಾದಯ್ಯನ ಮುಖ ಮೊದಲು ಬೆಳ್ಳಗಾಗಿ ಆಮೇಲೆ ಕೆಂಪಾಯಿತು. ‘ಏನು? ನನ್ ಮೊಮ್ಮಗ ಮನೆ ಅಳಿಯನಾ? ನಮ್ ವಂಸ್ದಲ್ಲಿ ಯಾವನಾದ್ರೂ ಎಂಡ್ತಿ ಮನೇಲಿ ಕೂತು ಉಂಡವ್ನಾ?’

‘ಅಯ್ಯೋ, ಇಲ್ಲ ಯಜಮಾನ್ರೇ!’ ಎಂದ ಚೆಲುವರಾಜು.

‘ನೀ ಇಲ್ಲ ಅಂದ್ರೆ ಆಯ್ತಾ? ಆಯಮ್ಮ ಔದು ಅಂದವ್ಳೆ!’

ಡ್ರಿಲ್ ಮೇಷ್ಟರು ಹೆಂಡತಿ ಮಾಡಿದ ಅನಾಹುತವನ್ನು ಸರಿಪಡಿಸಲು ಎದ್ದು ನಿಂತರು. ‘ಕೂತ್ಕೊಳ್ಳಿ ಯಜಮಾನ್ರೇ. ಹಲ್ಲಿ ಲೊಚಗುಟ್ಟಿದ್ದೆಲ್ಲ ನಿಜ ಆಗ್ತದಾ? ಈಗ ನಾನು, ಚೆಲುವರಾಜುಗೆ ನರಸೀಪುರದಲ್ಲಿ ಇನ್ನೊಂದು ಸಂಸಾರ ಇದೆ ಅಂದೆ ಅಂತ ಇಟ್ಕೊಳ್ಳಿ…’

ಮೇಷ್ಟರ ಬಾಯಿ ಮುಚ್ಚಿಸಲು ಚೆಲುವರಾಜು ದಡಕ್ಕನೆ ಎದ್ದ. ಏಳುವ ರಭಸಕ್ಕೆ ಮೊಣಕೈ ಪಂಚೆಗೆ ಬಡಿಯಿತು. ಲೊಚ ಲೊಚ, ಲೊಚ ಲೊಚ. ಹಿಂದೆಂದೂ ಗೋಡೆಯಮ್ಮ ಒಂದು ಮಾತಿಗೆ ಎರಡು ಸಲ ನುಡಿದಿರಲಿಲ್ಲ.

ಮೇಷ್ಟರು ನಿಂತಲ್ಲೇ ಕಲ್ಲಾದರು. ಕೆಂಪಾಜಮ್ಮನ ಬೆರಳು ನೆಲದ ಮೇಲೆ ಅರ್ಧಕ್ಕೆ ನಿಂತಿತು. ಹೇಮಲತಾ ಕಾಫಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

‘ಅದಕ್ಕೇ!’ ಎಂದು ರಾಣಿ ಕೂಗಿಕೊಂಡಳು. ‘ಬಂದಾಗ್ಲಿಂದ ಎಲ್ಲೋ ನೋಡಿದ ಮುಖ ಅಂತಿದ್ದೆ. ನಮ್ಮೂರ ಬಸ್‌ಸ್ಟ್ಯಾಂಡ್ ಹಿಂದೆ ಶನಿವಾರ ಶನಿವಾರ ಕರ್ಚೀಫಲ್ಲಿ ಮುಖ ಮುಚ್ಕೊಂಡು ಓಗ್ತಿದ್ದೋರು ಇವ್ರೇ ಕಣ್ರೀ! ಕಣ್ಣು ನೋಡಿ ಗುರುತು ಸಿಕ್ತು.’

‘ಎಷ್ಟು ಶನಿವಾರ?’ ಎಂದಳು ಹೇಮಲತಾ. ಅವಳ ದನಿ ತೀರ ಸಣ್ಣಗಿತ್ತು.

‘ಐದೋ ಆರೋ.’

‘ಆರು’ ಎಂದಳು ಹೇಮಲತಾ. ‘ಆಫೀಸಿನ ತಪಾಸಣೆ. ಆರು ಶನಿವಾರ ತಪಾಸಣೆ ಮಾಡಿದ್ರಾ ಅವಳನ್ನ?’

‘ಹೇಮಾ, ನಾನು ಸ್ಪೀಕರ್…’ ಎಂದು ಚೆಲುವರಾಜು ಬಾಯಿ ತೆಗೆದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಪವಿತ್ರಾಳ ಮುಖ ಕಂಡಿತು. ಸ್ಪೀಕರು ಎಂದರೆ ಅವಳ ಮದುವೆ ಹೋಯಿತು, ಎನ್ನದಿದ್ದರೆ ತನ್ನ ಮದುವೆ ಹೋಯಿತು. ಮಗಳನ್ನು ನೋಡಿ ಬಾಯಿ ಮುಚ್ಚಿಕೊಂಡ. ಆ ಮೌನವನ್ನು ಹಾಲಿನಲ್ಲಿದ್ದವರೆಲ್ಲ ಒಪ್ಪಿಗೆಯೆಂದೇ ತಿಳಿದರು. ಹೇಮಲತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದಳು.

ಚೆಲುವರಾಜು ತಲೆ ತಿರುಗಿದಂತಾಗಿ ಸ್ಟೂಲಿನ ಮೇಲೆ ಕುಸಿದ. ಈ ಸಲ ಲೈಟರ್ ಅವನ ಕೆಳಗೇ ಸಿಕ್ಕಿಕೊಂಡಿತು. ಉಸಿರೆಳೆದರೆ ಲೊಚ, ಬಿಟ್ಟರೆ ಲೊಚ. ಸ್ಪೀಕರಿನ ಸದ್ದಿನ ಜೊತೆಗೆ ಲೈಟರಿನ ಟಕ್ ಟಕ್ ಸದ್ದೂ ಸೇರಿಕೊಂಡಿತು. ಎರಡಡಿ ಎರಡಿಂಚಿನ ಎತ್ತರದಲ್ಲಿದ್ದ ಕೆಂಪಾಜಮ್ಮನ ಕಿವಿ ಅದನ್ನು ಮೊದಲು ಹಿಡಿಯಿತು.

‘ಅಯ್ಯಯ್ಯೋ! ಗೋಡೆಯಮ್ಮ ಗೋಡೆ ಬಿಟ್ಟು ಇಳ್ದು ನನ್ ಮಗನ ಪಂಚೆ ಒಳಕ್ಕೆ ಓಗವ್ಳೆ!’

ಹಲ್ಲಿ ಗೋಡೆಯ ಮೇಲಿದ್ದರೆ ಸತ್ಯ, ಮೈಮೇಲೆ ಬಿದ್ದರೆ ಬೇರೆಯೇ ಅಧ್ಯಾಯ. ತಕ್ಷಣ ತಲೆಗೆ ನೀರು ಬೀಳಲೇಬೇಕು. ‘ಬಲತೊಡೆನಾ ಎಡತೊಡೆನಾ ಯೋಳ್ಲಾ! ಬಲತೊಡೆ ಆದ್ರೆ ಭಯ, ಎಡತೊಡೆ ಆದ್ರೆ ಬಂಧು ನಾಶ’ ಎಂದು ಕೆಂಪಾಜಮ್ಮ ಕೂಗಿದಳು. ಬಂಧುವಾಗಲು ಬಂದಿದ್ದ ದೊಡ್ಡಮಾದಯ್ಯ ಬೆಚ್ಚಿ ಎರಡು ಮಾರು ಹಿಂದೆ ಸರಿದ. ಮೇಷ್ಟರು ಡ್ರಿಲ್ಲಿನ ದನಿಯಲ್ಲಿ ‘ಎದ್ದು ನಿಲ್ಲು! ಕುಣಿ! ಕುಣಿದ್ರೆ ಬೀಳ್ತದೆ!’ ಎಂದು ಆಜ್ಞೆ ಕೊಟ್ಟರು. ರುದ್ರಾಣಿ ಹಿತ್ತಲಿನಿಂದ ಒಂದು ಕೊಡ ತಣ್ಣೀರು ತಂದೇಬಿಟ್ಟರು. ಚೆಲುವರಾಜು ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡು ‘ಬೇಡ, ಬೇಡ’ ಎನ್ನುತ್ತ ಹಾಲಿನ ಸುತ್ತ ಓಡಿದ, ಅವನ ಹಿಂದೆ ಮೇಷ್ಟರು ಓಡಿದರು. ಮೂರನೇ ಸುತ್ತಿನಲ್ಲಿ ಕುಮಾರ ಭಾವೀ ಮಾವನನ್ನು ರಕ್ಷಿಸಲು ಹೋಗಿ ಅವನನ್ನು ತಬ್ಬಿ ಹಿಡಿದ.

ಪಟ್ಟಾಪಟ್ಟಿ ಚಡ್ಡಿಯಿಂದ ಜಾರಿದ ಲೈಟರ್ ಠಣ್ ಎಂದು ದೊಡ್ಡಮಾದಯ್ಯನ ಕಾಲ ಬಳಿ ಬಿತ್ತು.

ಮುದುಕ ಅದನ್ನು ಎತ್ತಿಕೊಂಡು ಒತ್ತಿದ. ಗೋಡೆ ‘ಲೊಚ ಲೊಚ’ ಎಂದಿತು. ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ಎಂದಿತು. ಕೆಂಪಾಜಮ್ಮನ ಬಾಯಿ ತೆರೆದೇ ಇತ್ತು.

ಚೆಲುವರಾಜು ಎಲ್ಲವನ್ನೂ ಹೇಳಿದ. ಮೇಷ್ಟರ ಸ್ಪೀಕರಿನಿಂದ ಹಿಡಿದು ಆರು ಶನಿವಾರ, ಮೂರು ಕೋಟು ಬಣ್ಣ, ಹಳೇ ವೈರು, ಒಂದನ್ನೂ ಬಿಡಲಿಲ್ಲ. ಸಾಕ್ಷಿಗೆ ಅರಿಶಿನ ಕುಂಕುಮದ ಕೆಳಗೆ ಉಗುರಿನಿಂದ ಬಣ್ಣ ಕೆರೆದು ಜಾಲರಿ ತೋರಿಸಿದ. ಕೆಂಪಾಜಮ್ಮ ಎದ್ದು ಬಂದು ಅದರ ಮೇಲೆ ಅಂಗೈಯಿಟ್ಟಳು.

‘ನಿಮ್ಮಪ್ಪ ಕಟ್ಸಿದ್ ಗೋಡೆ ಒಡ್ದ್ಯಾ?’

‘ತಪ್ಪಾಯ್ತು ಕಣವ್ವ.’

‘ನಾನು ಅರಿಸಿನ ಕುಂಕುಮ ಇಟ್ಟಿದ್ದು ರೇಡಿಯಕ್ಕಾ?’ ಎಂದು ಅವಳು ಚಾಪೆಯ ಮೇಲೆ ಗೋಡೆಗೆ ಬೆನ್ನು ಹಾಕಿ ಕೂತುಬಿಟ್ಟಳು. ಚೆಲುವರಾಜುವಿಗೆ ಆ ಹೊತ್ತಿನಲ್ಲಿ ಆಂಪ್ಲಿಫೈಯರು, ಅಟ್ಟ ಎಲ್ಲ ಒಟ್ಟಿಗೆ ತನ್ನ ತಲೆಯ ಮೇಲೆ ಬಿದ್ದರೆ ಸಾಕೆನಿಸಿತು. ಹೇಮಲತಾ ಮಾತ್ರ ಸೆರಗು ತೆಗೆದು, ‘ನಿಜವಾಗ್ಲೂ ಆರು ಶನಿವಾರ ಸ್ಪೀಕರ್ ನೋಡಿದ್ರಾ? ಇಂಥ ಪೆದ್ದಂಗೆ ಎರಡನೇ ಹೆಂಡ್ತಿ ಯಾರು ಸಿಗ್ತಾರೆ?’ ಎಂದು ಅಳುತ್ತಲೇ ನಕ್ಕಳು.

ದೊಡ್ಡಮಾದಯ್ಯ ನಗಲಿಲ್ಲ. ‘ನಮ್ ಹುಡ್ಗ ಕುಡಿಯಾಕಿಲ್ಲ ಅಂದಾಗ ಒತ್ತಿದ್ದೂ ನೀನೇನಾ?’

‘ನಾನೇ. ನಿಮ್ಮ ಮಾತಿನ ಮೇಲೆ ನಂಬಿಕೆ ಇತ್ತು.’

ಮುದುಕ ಮೊಮ್ಮಗನ ಕಡೆ ತಿರುಗಿದ. ಕುಮಾರ ನೆಲ ನೋಡುತ್ತ, ‘ಯುಗಾದಿ ಮಾರನೇ ದಿನ ಎರಡು ಬಿಯರ್ ಕುಡಿದಿದ್ದೆ ತಾತ. ಗೋಡೆ ಹಂಗಂದಾಗ ನನಗೇ ಗಾಬರಿ ಆಯ್ತು’ ಎಂದ. ರಾಣಿ ಹಣೆ ಚಚ್ಚಿಕೊಂಡಳು. ದೊಡ್ಡಮಾದಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಏಳುವ ಸೂಚನೆಯದು. ಮೂರು ಸಂಬಂಧ ಮುರಿದವನಿಗೆ ನಾಲ್ಕನೆಯದು ಯಾವ ಲೆಕ್ಕ?

ಆಗ ಪವಿತ್ರಾ ಅಡುಗೆಮನೆಯಿಂದ ಹೊರಗೆ ಬಂದಳು. ಮುದುಕನ ಎದುರಿಗೆ ಚಾಪೆಯ ಮೇಲೆ ಕೂತು, ಅವನ ಕೈಯಿಂದ ಲೈಟರ್ ತೆಗೆದುಕೊಂಡಳು.

‘ತಾತ, ನಂಗೆ ಅಡುಗೆ ಬರಲ್ಲ. ನಿಮ್ಮ ಮೊಮ್ಮಗ ಎರಡು ಬಿಯರ್ ಕುಡ್ದಿದ್ದು ನಂಗೆ ಮೊದಲೇ ಹೇಳಿದ್ರು. ನಮ್ಮಪ್ಪ ಸುಳ್ಳು ಹೇಳಿದ್ದು ನನಗೋಸ್ಕರ. ನಾನು ಇವರನ್ನೇ ಮದುವೆ ಆಗ್ತೀನಿ.’

ಹೀಗೆಂದು ಎಲ್ಲರಿಗೂ ಕಾಣುವ ಹಾಗೆ ಲೈಟರನ್ನು ಮುಂದೆ ಹಿಡಿದು ಒತ್ತಿದಳು.

ಲೊಚ ಲೊಚ.

‘ಕೃಷ್ಣ ಕೃಷ್ಣ’ ಎಂದು ದೊಡ್ಡಮಾದಯ್ಯ ನೆಲ ತಟ್ಟಿದ.

ತಟ್ಟಿದ ಮೇಲೆ ತನ್ನ ಬೆರಳನ್ನೇ ದಿಗ್ಭ್ರಮೆಯಿಂದ ನೋಡಿಕೊಂಡ. ‘ಏಯ್, ಇದು ಅಭ್ಯಾಸಕ್ಕೆ ತಟ್ಬುಡ್ತು ಕಣವ್ವ! ಇದು ಲೆಕ್ಕಕ್ಕಿಲ್ಲ!’

ಗೋಡೆಗೆ ಬೆನ್ನು ಹಾಕಿ ಕೂತಿದ್ದ ಕೆಂಪಾಜಮ್ಮ ನಿಧಾನವಾಗಿ ಈ ಕಡೆ ತಿರುಗಿದಳು.

‘ನುಡಿದಿದ್ದು ಸುಳ್ಳಾಗ್ಲಿ, ಬುಡಿ. ತಟ್ಟಿದ್ ಬೆಳ್ಳು ಯಾರ್ದು?’

ದೊಡ್ಡಮಾದಯ್ಯ ಹೆಗಲ ಮೇಲಿನ ಟವಲು ತೆಗೆದು ಪಕ್ಕಕ್ಕಿಟ್ಟು, ‘ರಾಣಿ, ಕಾರಲ್ಲಿ ಊವು ಅಣ್ಣು ಅವೆ, ಎತ್ಕಂಬಾ’ ಎಂದ.